ಇಸ್ತ್ರಿಯಣ್ಣ ಮಾಡಿಕೊಟ್ಟ ನೆಗ್ಗು

ಇನ್ನೂ ಬೆಳಕು ಹರಿದಿಲ್ಲ. ಮೂರನೇ ಮಹಡಿಯ ಮನೆಯೊಂದರ ಹಿಂದಿನ ಕೋಣೆಯಲ್ಲಿ ಅರವತ್ತು ದಾಟಿದ ಗಂಡಸೊಬ್ಬರು ಬರಿಮೈಯಲ್ಲಿ ನಿಂತು ನೆಲಕ್ಕೆ ನೀರು ಚಿಮುಕಿಸುತ್ತಿದ್ದಾರೆ. ನೆಲ ಒದ್ದೆಯಿದ್ದರೆ ಧೂಳು ಏಳುವುದಿಲ್ಲ. ಅಂಗಿ ಹಾಕಿಕೊಂಡರೆ ಅದರ ನೂಲೆಳೆ ಉದುರಿ, ಇಡೀ ಕೋಣೆಯಲ್ಲಿ ಬೇರೆಲ್ಲೂ ಜಾಗವೇ ಇಲ್ಲದ ಹಾಗೆ, ಹಸಿ ಬಣ್ಣದ ಮೇಲೆಯೇ ಹೋಗಿ ಕೂರುತ್ತದೆ. ಹಾಗಾಗಿ ಅಂಗಿ ಇಲ್ಲ. ಇವರ ಬಗ್ಗೆ ಲೇಖನ ಬರೆಯಲು ಬಂದ ನಾನು ಉಣ್ಣೆಯ ಸ್ವೆಟರ್ ಹಾಕಿಕೊಂಡಿರುವುದರಿಂದ ಹೊಸ್ತಿಲ ಆಚೆಯೇ ನಿಲ್ಲಬೇಕೆಂದು ಅಪ್ಪಣೆಯಾಗಿದೆ. "ಒಂದು ಕುರಿಮಂದೇನೇ ಹೊದ್ದುಕೊಂಡು ಬಂದಿದೀರಲ್ಲ ಮೇಡಂ, ಅಲ್ಲೇ ಇರಿ," ಎನ್ನುತ್ತಾರೆ, ಒಂದಿಷ್ಟೂ ನಗದೆ.

ಮೇಜಿನ ಮೇಲೆ ಕಡ್ಡಿಯೊಂದರ ತುದಿಗೆ ಸಿಕ್ಕಿಸಿದ ಕಾರಿನ ಮೈ ಇದೆ. ಅಂಗೈಗಿಂತ ತುಸು ಉದ್ದ. ಗುಂಡು ಬೆನ್ನು, ದಪ್ಪ ಮೂಗು, ಉಬ್ಬಿದ ಮಡ್‌ಗಾರ್ಡು. ಒಂದು ಕಾಲದಲ್ಲಿ ಟ್ಯಾಕ್ಸಿ ನಿಲ್ದಾಣಗಳಲ್ಲಿ ಸಾಲುಗಟ್ಟಿ ನಿಂತಿರುತ್ತಿದ್ದ ಹಳೆಯ ಕಾರು. ಕೆಟ್ಟ ಫ್ರಿಜ್ಜಿನಿಂದ ಬಿಚ್ಚಿ ತಂದ ಕಂಪ್ರೆಸರ್ ಮೂಲೆಯಲ್ಲಿ ಗೊರಕೆ ಹೊಡೆಯುತ್ತಿದೆ. ಕಿಟಕಿಗೆ ಒಂದು ರಟ್ಟಿನ ಪೆಟ್ಟಿಗೆ, ಅದರ ಹಿಂದೆ ವಾಸನೆಯನ್ನು ಹೊರಕ್ಕೆಳೆಯುವ ಫ್ಯಾನು. ಮೂಗು ಬಾಯಿ ಮುಚ್ಚುವ ದೊಡ್ಡ ಮಾಸ್ಕು ಬಿಗಿದುಕೊಂಡ ಇಸ್ತ್ರಿಯಣ್ಣ ಪೆನ್ನಿನ ಗಾತ್ರದ ಸ್ಪ್ರೇ ಗನ್ ಎತ್ತುತ್ತಾರೆ. ಕಾರಿನ ಆಚೆ ಗಾಳಿಯಲ್ಲಿ ಶುರು ಮಾಡಿ, ಕಾರಿನ ಮೇಲೆ ಹಾಯಿಸಿ, ಈಚೆ ಗಾಳಿಯಲ್ಲಿ ನಿಲ್ಲಿಸುತ್ತಾರೆ. ಕಾರಿನ ಮೇಲೆ ಕೈ ಒಂದು ಕ್ಷಣ ತಡೆದರೂ ಬಣ್ಣ ಕಣ್ಣೀರಿನ ಹಾಗೆ ಕೆಳಗಿಳಿಯುತ್ತದೆ. ಬೀದಿ ಗುಡಿಸುವವರು ಪೊರಕೆ ಹಿಡಿದು ಬರುವುದರೊಳಗೆ ಇದೆಲ್ಲ ಮುಗಿಯಬೇಕು.

ಅಡುಗೆಮನೆಯಲ್ಲಿ ಅವರ ಹೆಂಡತಿ ಖಾಲಿ ಪಾತ್ರೆ ಮುಂದಿಟ್ಟುಕೊಂಡು ಕೂತಿದ್ದಾರೆ. ಥಿನ್ನರ್ ವಾಸನೆ ಇರುವಾಗ ಒಲೆ ಹಚ್ಚುವಂತಿಲ್ಲ. "ಬೇರೆಯವ್ರ ಮನೇಲಿ ಕಾಫಿ ಆದ್ಮೇಲೆ ಕೆಲ್ಸ. ನಮ್ಮನೇಲಿ ಕಾರು ಒಣಗಿದ್ಮೇಲೆ ಕಾಫಿ. ನಾನು ಕಟ್ಕೊಂಡಿದ್ದು ಇವ್ರನ್ನೋ ಆ ಥಿನ್ನರ್ ಡಬ್ಬಾನೋ ಅಂತ ಒಂದೊಂದ್ಸಲ ಅನುಮಾನ ಬರುತ್ತೆ," ಎಂದು ಆಕೆ ನನ್ನ ಕಡೆಗೆ ಒಂದು ಲೋಟ ತಣ್ಣೀರು ತಳ್ಳುತ್ತಾರೆ.

ಮಾಸ್ಕು ಕೆಳಗಿಳಿಸಿ ಇಸ್ತ್ರಿಯಣ್ಣ ಹೊರಗೆ ಬಂದಾಗ ಕೇಳುತ್ತೇನೆ, ಇಷ್ಟೊಂದು ಮಡಿಯಲ್ಲಿ ಬಣ್ಣ ಬಳಿಯುತ್ತಿರುವ ಈ ಕಾರು ಯಾರದು?

"ಒಬ್ರು ಹಳೇ ಟ್ಯಾಕ್ಸಿ ಡ್ರೈವರದು. ಯಜಮಾನ್ರಿಗೆ ಕಣ್ಣು ಕಾಣಲ್ಲ."

ಕಣ್ಣು ಕಾಣದವರಿಗೆ ಬಣ್ಣ ಯಾಕೆ ಎಂದು ಕೇಳಬಾರದಿತ್ತು. ಕೇಳಿಯೇಬಿಟ್ಟೆ. ಅವರಿಗೆ ಸಿಟ್ಟೇನೂ ಬರಲಿಲ್ಲ. "ನೀಲಿ ಕಾರಿಗೆ ನೀಲಿ ಬಣ್ಣ ತಾನೇ ಹಾಕೋದು," ಎಂದರು. ಮಾಸ್ಕು ಒರೆಸುತ್ತಾ, "ಆಮೇಲೆ, ಬೆರಳಿಗೂ ಬಣ್ಣ ಗೊತ್ತಾಗುತ್ತೆ. ಕೆಟ್ಟದಾಗಿ ಹೊಡೆದ್ರೆ ತರಿ ತರಿ ಇರುತ್ತೆ," ಎಂದರು.

ಇವರನ್ನು ಎಲ್ಲರೂ ಕರೆಯುವುದೇ ಇಸ್ತ್ರಿಯಣ್ಣ ಎಂದು. ಬಟ್ಟೆಗೂ ಇವರಿಗೂ ಸಂಬಂಧವಿಲ್ಲ. ಮೂವತ್ತು ವರ್ಷಕ್ಕೂ ಮೇಲೆ ಒಂದು ಗ್ಯಾರೇಜಿನಲ್ಲಿ ಕಾರುಗಳ ನೆಗ್ಗು ತೆಗೆಯುವ ಕೆಲಸ ಮಾಡಿದವರು. ಕಂಬಕ್ಕೆ ಗುದ್ದಿದ್ದು, ಗೋಡೆಗೆ ಒರೆಸಿದ್ದು, ಹಿಂದೆ ಬರುತ್ತಿದ್ದ ಲಾರಿ ಮುತ್ತಿಟ್ಟು ಹೋದದ್ದು, ಎಲ್ಲವೂ ಇವರ ಹತ್ತಿರ ಬರುತ್ತಿದ್ದವು. ತಗಡಿನ ಒಳಗಿನಿಂದ ಕಬ್ಬಿಣದ ಗುಂಡು ಒತ್ತಿ ಹಿಡಿದು, ಹೊರಗಿನಿಂದ ಸುತ್ತಿಗೆಯಲ್ಲಿ ಟಕಟಕ ತಟ್ಟುತ್ತಾ ಹೋದರೆ ಸುಕ್ಕಾದ ಬಾಗಿಲು ಇಸ್ತ್ರಿ ಹಾಕಿದ ಹಾಗೆ ನೆಟ್ಟಗಾಗುತ್ತಿತ್ತು. ಗ್ಯಾರೇಜಿನ ಮಾಲೀಕರು ತಮಾಷೆಗೆ ಇಟ್ಟ ಹೆಸರು ಹಾಗೇ ಅಂಟಿಕೊಂಡಿತು. "ಮದುವೆಯಾದ ಹೊಸದ್ರಲ್ಲಿ ನಮ್ಮಪ್ಪನ ಕಡೆಯವ್ರು ಇವ್ರು ಲಾಂಡ್ರಿ ಇಟ್ಟಿದಾರೆ ಅಂತ್ಲೇ ತಿಳ್ಕೊಂಡಿದ್ರು. ಒಬ್ಬ ಚಿಕ್ಕಪ್ಪ ಬಟ್ಟೆ ಗಂಟೂ ತಂದುಬಿಟ್ಟಿದ್ರು," ಎಂದು ಹೆಂಡತಿ ನೆನೆಸಿಕೊಂಡು ನಗುತ್ತಾರೆ.

ಆ ಕೆಲಸ ಈಗಿಲ್ಲ. "ಈಗ ಯಾರು ತಟ್ತಾರೆ? ಬಾಗಿಲು ನೆಗ್ಗಿದ್ರೆ ಬಾಗಿಲನ್ನೇ ಬಿಸಾಕಿ ಹೊಸದು ಹಾಕ್ತಾರೆ. ಬಣ್ಣಾನೂ ಅದರ ಜೊತೇಲೇ ಬಂದಿರುತ್ತೆ." ಗ್ಯಾರೇಜು ಮುಚ್ಚುವ ಹೊತ್ತಿಗೆ ಇವರ ಎದೆಯೂ ಕೈ ಕೊಟ್ಟಿತ್ತು. ಮಾಸ್ಕು ಎನ್ನುವುದೇ ಗೊತ್ತಿಲ್ಲದ ಕಾಲದಲ್ಲಿ ಕುಡಿದ ಬಣ್ಣದ ಹೊಗೆಯೆಲ್ಲ ಒಳಗೇ ಕೂತಿದೆ. ಮೂರು ಮಹಡಿ ಹತ್ತುವಾಗ ಇವರು ಪ್ರತಿ ತಿರುವಿನಲ್ಲೂ ನಿಂತು, ಯಾರಾದರೂ ನೋಡಿದರೆ ಜೇಬಿನಲ್ಲಿ ಕೀಲಿಕೈ ಹುಡುಕುವವರಂತೆ ನಟಿಸುತ್ತಾರೆ. ಬಣ್ಣದ ಹತ್ತಿರವೇ ಹೋಗಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಇವರು ಅದನ್ನು "ಜಾಸ್ತಿ ಬಣ್ಣದ ಹತ್ರ" ಎಂದು ಅರ್ಥ ಮಾಡಿಕೊಂಡು, ಕಾರನ್ನೇ ಚಿಕ್ಕದು ಮಾಡಿಬಿಟ್ಟಿದ್ದಾರೆ.

ಶುರುವಾದದ್ದು ಒಂದು ಬಿಟ್ಟು ಹೋದ ಡಬ್ಬದಿಂದ. ಗುಜರಿಗೆ ಹೊರಟಿದ್ದ ಕಾರೊಂದರ ಡಿಕ್ಕಿಯಲ್ಲಿ ಯಾರೋ ಅರ್ಧ ಜೋಡಿಸಿ ಬೇಸತ್ತು ಬಿಟ್ಟ ಮಾಡೆಲ್ ಕಿಟ್ ಸಿಕ್ಕಿತ್ತು. ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡ ಪುಟ್ಟ ಪುಟ್ಟ ಬಿಡಿಭಾಗಗಳು, ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಹೊಡೆದರೆ ಕಾರು. ಇವರು ಅದನ್ನು ಜೋಡಿಸಿ, ಗ್ಯಾರೇಜಿನಲ್ಲಿ ಉಳಿದಿದ್ದ ನಿಜವಾದ ಕಾರಿನ ಬಣ್ಣವನ್ನೇ ತೆಳುವಾಗಿಸಿ ಹೊಡೆದು ಅಲ್ಲಿಯ ಕಿಟಕಿಯಲ್ಲೇ ಇಟ್ಟರು. ಅದನ್ನು ನೋಡಿದ ಒಬ್ಬ ಗಿರಾಕಿ ತಾನು ಮಾರಿದ್ದ ಹಳೆಯ ಕಾರಿನ ಫೋಟೊ ತಂದು, ಇದನ್ನು ಹೀಗೇ ಮಾಡಿಕೊಡಿ ಎಂದರು. ಹಾಗೆ ಬಾಯಿಂದ ಬಾಯಿಗೆ ಹೋಗಿ, ಈಗ ತಿಂಗಳಿಗೆ ಒಬ್ಬರೋ ಇಬ್ಬರೋ ಬರುತ್ತಾರೆ. ಒಂದು ಕಾರಿಗೆ ತಿಂಗಳೊಪ್ಪತ್ತು ಹಿಡಿಯುತ್ತದೆ. ಇದರಲ್ಲಿ ಸಂಸಾರ ನಡೆಯುತ್ತದೆಯೇ ಎಂದರೆ, ಸಂಸಾರ ನಡೆಸುತ್ತಿರುವುದು ಹೆಂಡತಿಯ ಹೊಲಿಗೆ ಯಂತ್ರ. ಕಾರುಗಳ ಸೀಟು ಹೊಲಿಯುವವರೂ ಆಕೆಯೇ. ಹರಿದ ಕೈಚೀಲದ ಒಳಗಿನ ತೆಳು ಚರ್ಮದಲ್ಲಿ ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಸೀಟು ಮಾಡಿ ಅದಕ್ಕೆ ಅಂಚು ಬೇರೆ ಕೊಡುತ್ತಾರೆ. ನಾನು ಕಣ್ಣರಳಿಸಿ ನೋಡುತ್ತಿದ್ದರೆ, "ಬೊಂಬೆ ಬಟ್ಟೆ ಹೊಲಿದು ಅಭ್ಯಾಸ ಇತ್ತು, ಅಷ್ಟೇ," ಎಂದು ಹಲ್ಲಿನಲ್ಲಿ ದಾರ ಕಡಿಯುತ್ತಾರೆ.

ಬಂದವರಿಗೆ ಇಸ್ತ್ರಿಯಣ್ಣ ಕೇಳುವ ಮೊದಲ ಪ್ರಶ್ನೆ ಒಂದೇ. ನಿಮ್ಮ ಕಾರು ಎಲ್ಲಿ ನೆಗ್ಗಿತ್ತು?

"ಡಬ್ಬದ ಮೇಲೆ ಇರೋ ಕಾರು ಯಾರ ಕಾರೂ ಅಲ್ಲ ಮೇಡಂ. ನೆಗ್ಗಿದ್ರೆ ತಾನೇ ಅದು ನಿಮ್ಮದು, ನಮ್ಮದು," ಎನ್ನುತ್ತಾರೆ. ಹಾಗಾಗಿ ಹೊಸ ಪ್ಲಾಸ್ಟಿಕ್ಕನ್ನು ಕೆಟಲಿನ ಆವಿಗೆ ಹಿಡಿದು ಮೆತ್ತಗೆ ಮಾಡಿ, ಚಮಚದ ಬೆನ್ನಿನಲ್ಲಿ ಒತ್ತಿ, ಹಳೆಯ ನೆಗ್ಗನ್ನು ಮತ್ತೆ ಮೂಡಿಸುತ್ತಾರೆ. ಆದರೆ ಕೈ ಪಳಗಿರುವುದು ಬೇರೆ ದಾರಿಯಲ್ಲಿ. ಸಂಜೆ ಶ್ರದ್ಧೆಯಿಂದ ಮೂಡಿಸಿದ ನೆಗ್ಗನ್ನು ಮರುದಿನ ಮೈ ಉಜ್ಜುವಾಗ ಅದೇ ಕೈ ಗೊತ್ತಿಲ್ಲದಂತೆ ಪುಟ್ಟಿ ತುಂಬಿ, ಉಜ್ಜಿ, ನುಣ್ಣಗೆ ಮಾಡಿಬಿಟ್ಟಿರುತ್ತದೆ. ಒಂದೇ ಬಾಗಿಲಿನಲ್ಲಿ ಮೂರು ಸಲ ಹೀಗಾದ ಮೇಲೆ ಹೆಂಡತಿ ನೆಗ್ಗಿನ ಮೇಲೆ ಕೆಂಪು ಟೇಪು ಅಂಟಿಸುವ ನಿಯಮ ತಂದಿದ್ದಾರೆ. ಈಗಲೂ ಮೇಜಿನ ಮೇಲಿನ ಎರಡು ಕಾರುಗಳಿಗೆ ಗಾಯಕ್ಕೆ ಪಟ್ಟಿ ಕಟ್ಟಿದ ಹಾಗೆ ಕೆಂಪು ಟೇಪು ಇದೆ.

ಇನ್ನೊಂದು ನಿಯಮ ಇಸ್ತ್ರಿಯಣ್ಣನದು. ಅಳತೆ ತಪ್ಪುವಂತಿಲ್ಲ. ನಿಜವಾದ ಕಾರಿನ ಇಪ್ಪತ್ತನಾಲ್ಕು ಅಂಗುಲ ಇಲ್ಲಿ ಒಂದು ಅಂಗುಲ. ಕನ್ನಡಿಗೂ ಅದೇ, ಕೀಲಿ ತೂತಿಗೂ ಅದೇ, ನೆಗ್ಗಿಗೂ ಅದೇ. ಚಕ್ರ ಸ್ವಲ್ಪ ದೊಡ್ಡದು ಮಾಡಿ, ನೋಡೋಕೆ ಜೋರಾಗಿರುತ್ತೆ ಎಂದ ಒಬ್ಬ ಗಿರಾಕಿಯನ್ನು ಬಹಳ ಮರ್ಯಾದೆಯಿಂದ ಆಟಿಕೆ ಅಂಗಡಿಯ ವಿಳಾಸ ಕೊಟ್ಟು ಕಳಿಸಿದ್ದಾರಂತೆ. ಈ ವಿಷಯದಲ್ಲಿ ಅವರ ಜೊತೆ ವಾದ ಮಾಡಿ ಗೆದ್ದವರಿಲ್ಲ ಎಂದು ಬರೆಯುವವಳಿದ್ದೆ. ಗೆದ್ದವರೊಬ್ಬರು ಆ ಮನೆಯಲ್ಲೇ ಇದ್ದಾರೆಂದು ಆಮೇಲೆ ಗೊತ್ತಾಯಿತು.

ಡ್ರೈವರಜ್ಜನ ಕತೆ ಕೇಳಿದ್ದು ಕಾಫಿ ಕೊನೆಗೂ ಬಂದ ಮೇಲೆ.

ಅಜ್ಜನ ಮಗಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ಇಸ್ತ್ರಿಯಣ್ಣ ಉಸಿರು ಕಟ್ಟಿದಾಗ ಹೀರುವ ಔಷಧಿಯ ಪಂಪು ಕೊಳ್ಳುವುದು ಅಲ್ಲೇ. ಆಕೆಯ ತಂದೆ ಒಂದೇ ನೀಲಿ ಟ್ಯಾಕ್ಸಿಯನ್ನು ಜೀವಮಾನವಿಡೀ ಓಡಿಸಿದವರು. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ದೃಷ್ಟಿ ಅಂಚಿನಿಂದ ಕರಗುತ್ತಾ ಬಂದು ಪೂರ್ತಿ ಹೋಯಿತು. ಕಾರು ಗುಜರಿಗೆ ಹೋಯಿತು. ಆಮೇಲೆ ಅವರು ಕಿಟಕಿ ಪಕ್ಕದ ಕುರ್ಚಿ ಹಿಡಿದವರು ಏಳುವುದನ್ನೇ ಬಿಟ್ಟರು. ಮಾತೂ ಕಡಿಮೆಯಾಯಿತು. "ಊಟ ಆಯ್ತಾ ಅಂದ್ರೆ ಹೂಂ. ನಿದ್ದೆ ಬಂತಾ ಅಂದ್ರೆ ಹೂಂ. ಕೈ ಮಾತ್ರ ಸುಮ್ನಿರಲ್ಲ, ತೊಡೆ ಮೇಲೆ ಏನೋ ಹುಡುಕ್ತಾನೇ ಇರುತ್ತೆ. ಆ ಕೈಗೆ ಏನಾದ್ರೂ ಕೊಡ್ಬೇಕು ಅಣ್ಣ," ಎಂದು ಆಕೆ ಕೇಳಿಕೊಂಡರಂತೆ. ಜೊತೆಗೆ ಒಂದು ಹಳೆಯ ಫೋಟೊ.

ಇಸ್ತ್ರಿಯಣ್ಣ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಆ ಕಾರು ಮಾಡಿದರು. ಫೋಟೊದಲ್ಲಿದ್ದ ಎಡ ಮಡ್‌ಗಾರ್ಡಿನ ನೆಗ್ಗನ್ನು ಅಳತೆ ಹಿಡಿದು, ಬೇಳೆಕಾಳಿನಷ್ಟೇ ಅಗಲಕ್ಕೆ, ಕಾಗದದಷ್ಟೇ ಆಳಕ್ಕೆ ಮೂಡಿಸಿದರು. ನನಗೆ ತೋರಿಸಿದ ಫೋನಿನ ಚಿತ್ರದಲ್ಲಿ ಅದು ನಿಜವಾದ ಬೀದಿಯಲ್ಲಿ ನಿಂತ ನಿಜವಾದ ಕಾರೇ. ಗಂಡ ಹೆಂಡತಿ ಇಬ್ಬರೂ ಹೋಗಿ ಅದನ್ನು ಅಜ್ಜನ ಕೈಗೆ ಕೊಟ್ಟರು.

"ಯಜಮಾನ್ರು ತುಂಬ ಹೊತ್ತು ಸವರಿದ್ರು," ಎನ್ನುತ್ತಾರೆ ಇಸ್ತ್ರಿಯಣ್ಣ. ಉಳಿದದ್ದನ್ನು ಹೆಂಡತಿ ಹೇಳಬೇಕಾಗುತ್ತದೆ. "ಸವರಿ, ಸವರಿ, ಬಹಳ ಮರ್ಯಾದೆಯಿಂದ ವಾಪಸ್ ಕೊಟ್ರು. ಚೆನ್ನಾಗಿದೆ, ಯಾರ ಕಾರು ಇದು, ಅಂದ್ರು."

ಮಗಳು ಎದ್ದು ಒಳಗೆ ಹೋದರಂತೆ. ನಲ್ಲಿ ತಿರುಗಿಸಿದ ಸದ್ದು ಕೇಳಿಸಿತಂತೆ, ಅಳುವುದು ಕೇಳಿಸಬಾರದೆಂದು. ಇಸ್ತ್ರಿಯಣ್ಣ ಕಾರನ್ನು ಡಬ್ಬಕ್ಕೆ ಹಾಕಿಕೊಂಡು ಮನೆಗೆ ಬಂದವರು ಎರಡು ದಿನ ಸ್ಪ್ರೇ ಗನ್ ಮುಟ್ಟಲಿಲ್ಲ.

ತಪ್ಪು ಎಲ್ಲಿ ಎಂದು ಅವರಿಗೆ ಗೊತ್ತಿತ್ತು. ಕಣ್ಣಿಗೆ ನೆಗ್ಗು ಕಾಣುವುದು ಬೆಳಕು ನೆರಳಿನಿಂದ. ಕಾಗದದಷ್ಟು ಆಳದ ನೆಗ್ಗಿಗೆ ಮೂರು ಸಲ ಬಣ್ಣ ಕೂತ ಮೇಲೆ ಬೆರಳಿಗೆ ಅದು ಬರಿ ನುಣುಪು. ಬೆರಳಿಗೆ ಸಿಗಬೇಕೆಂದರೆ ಹತ್ತಾರು ಪಟ್ಟು ಆಳ ಮಾಡಬೇಕು. ಮಾಡಿದರೆ ಅಳತೆ ಗಾಳಿಗೆ ಹೋಯಿತು. ಸುಳ್ಳು ಕಾರು ಮಾಡಲಾರೆ ಎಂದು ಇವರು ಪಟ್ಟು ಹಿಡಿದು ಕೂತರು. ಕಾರು ಕಪಾಟಿನಲ್ಲಿ ಕೂತಿತು.

"ನಾನು ಒಂದೇ ಒಂದು ಮಾತು ಕೇಳ್ದೆ," ಎನ್ನುತ್ತಾರೆ ಹೆಂಡತಿ. "ರೀ, ಗ್ಯಾರೇಜಲ್ಲಿ ಸಣ್ಣ ಸಣ್ಣ ನೆಗ್ಗು ಎಲ್ಲಿದೆ ಅಂತ ಕಣ್ಣಲ್ಲಿ ಹುಡುಕ್ತಿದ್ರೋ, ಕೈಯಲ್ಲೋ ಅಂತ."

ಇಸ್ತ್ರಿಯಣ್ಣ ತಲೆ ತಗ್ಗಿಸಿ ಲೋಟದೊಳಗೆ ನೋಡುತ್ತಾರೆ. ನೆಗ್ಗು ತೆಗೆಯುವವರೆಲ್ಲ ತಗಡಿನ ಮೇಲೆ ಅಂಗೈ ಹಾಯಿಸಿಯೇ ಹುಡುಕುವುದು. ಕಣ್ಣು ಬಣ್ಣಕ್ಕೆ ಮೋಸ ಹೋಗುತ್ತದೆ ಎಂದು ಎಷ್ಟೋ ಕೆಲಸಗಾರರಿಗೆ ಕಲಿಸಿಕೊಟ್ಟವರೇ ಇವರು. "ಹಾಗಾದ್ರೆ ಅವ್ರ ಕೈ ಅಳತೆಗೆ ಮಾಡಿಕೊಡಿ. ನಿಮ್ಮ ಅಳತೆ ಇಟ್ಕೊಂಡು ಅವ್ರೇನು ಮಾಡ್ತಾರೆ, ಅಂದೆ. ಬಾಯಿ ಮುಚ್ಕೊಂಡ್ರು. ಈ ಮನೇಲಿ ಅದೇ ದೊಡ್ಡ ಸುದ್ದಿ," ಎಂದು ಆಕೆ ನನ್ನ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸುತ್ತಾರೆ.

ಮರುದಿನ ಇಸ್ತ್ರಿಯಣ್ಣ ಬರಿಗೈಯಲ್ಲಿ ಅಜ್ಜನ ಮನೆಗೆ ಹೋದರು. ಕಾರು ಹೇಗೆ ಕಾಣುತ್ತಿತ್ತು ಎಂದು ಕೇಳಲಿಲ್ಲ. ಮುಟ್ಟಿದರೆ ಎಲ್ಲೆಲ್ಲಿ ಏನು ಸಿಗುತ್ತಿತ್ತು ಎಂದು ಕೇಳಿದರು. ಮೊದಲು ಹೂಂ, ಊಹೂಂ. ಆಮೇಲೆ ಒಂದೊಂದಾಗಿ ಬಂತು. ಸ್ಟೇರಿಂಗ್ ಬಿರುಕು ಬಿಟ್ಟಲ್ಲಿ ಸುತ್ತಿದ್ದ ದಾರ. ಗೇರಿನ ಗುಂಡು ಒಡೆದ ಮೇಲೆ ಸಿಕ್ಕಿಸಿದ್ದ ಕಪಾಟಿನ ಹಿಡಿ. ಮೇಲಕ್ಕೆ ಬಾಗಿದ್ದ ಹಿಂದಿನ ಬಂಪರ್ ತುದಿ, ಎಷ್ಟೋ ಪ್ಯಾಂಟು ಹರಿದದ್ದು. ಎಡ ಮಡ್‌ಗಾರ್ಡಿನ ನೆಗ್ಗು, ಮಗಳನ್ನು ಶಾಲೆಗೆ ಬಿಡಲು ಹೋದ ಮೊದಲ ದಿನ ಗೇಟಿಗೆ ತಾಗಿಸಿದ್ದು. ಅಷ್ಟು ಹೇಳಿ ಅಜ್ಜ ಮತ್ತೆ ಹೂಂಗೆ ಮರಳಿದರಂತೆ.

ಹಾಗಾಗಿ ಇದು ಎರಡನೇ ಕಾರು. ಹೊಸ ಕಿಟ್ಟು, ಹೊಸ ಮೈ. ತೂಕ ಬರಲೆಂದು ತಳದಲ್ಲಿ ಮೀನಿನ ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳು. ಸ್ಟೇರಿಂಗು ಬೆರಳ ತುದಿಗೆ ಸಿಗುವಷ್ಟು ದೊಡ್ಡದು, ಅಳತೆಯ ಪ್ರಕಾರ ನೋಡಿದರೆ ಬಸ್ಸಿನದು. ನೆಗ್ಗು ಬೆರಳ ತುದಿಯಷ್ಟು ಅಗಲ, ಅಕ್ಕಿಕಾಳು ನಿಲ್ಲುವಷ್ಟು ಆಳ. ಹೆಂಡತಿಯ ಸ್ಕಾರ್ಫನ್ನು ಕಣ್ಣಿಗೆ ಕಟ್ಟಿಕೊಂಡು ಇವರು ಪ್ರತಿಯೊಂದನ್ನೂ ಮುಟ್ಟಿ ಮುಟ್ಟಿ ನೋಡಿದ್ದಾರೆ. ಆದರೂ ಮುಖದಲ್ಲಿ ಅಳುಕಿದೆ. ಇನ್ನೊಂದು ಸಲ ಆ ಹಿರಿಯರು ಯಾರ ಕಾರು ಎಂದುಬಿಟ್ಟರೆ? "ನನಗೆ ಬೇಜಾರಾಗೋದು ಇರ್ಲಿ. ಅವ್ರಿಗೆ ಎರಡು ಸಲ ಕಾರು ಕಳ್ಕೊಂಡ ಹಾಗೆ ಆಗಲ್ವಾ?" ಎನ್ನುತ್ತಾರೆ. ಈ ಮನುಷ್ಯನಿಗೆ ಸೋಲಾಗಬಾರದು ಎಂದು ಮನಸ್ಸು ಆಗಲೇ ಪಕ್ಷ ವಹಿಸಿತ್ತು. ಲೇಖನ ಬರೆಯುವವರು ಪಕ್ಷ ವಹಿಸಬಾರದು ಎನ್ನುತ್ತಾರೆ. ವಹಿಸಿದೆ, ಏನೀಗ?

ವಾರ ಬಿಟ್ಟು ಮತ್ತೆ ಹೋಗುತ್ತೇನೆ, ಈ ಸಲ ಸ್ವೆಟರ್ ಬಿಟ್ಟು. ಕಾರು ಪೂರ್ತಿಯಾಗಿದೆ, ಆದರೆ ಮನೆಯಲ್ಲಿ ಯಾರ ಮುಖದಲ್ಲೂ ಕಳೆಯಿಲ್ಲ. ಡ್ರೈವರ್ ಬಾಗಿಲು ಕೆಟ್ಟಿದೆ.

ಕಿಟ್ಟಿನಲ್ಲಿ ಬಾಗಿಲು ತೆರೆಯುವುದಿಲ್ಲ, ಮೈಗೇ ಅಂಟಿಕೊಂಡಿರುತ್ತದೆ. ಇಸ್ತ್ರಿಯಣ್ಣ ಅದನ್ನು ಬ್ಲೇಡಿನ ಬೆನ್ನಿನಲ್ಲಿ ಗೀರಿ ಗೀರಿ ಬಿಡಿಸಿ, ಖಾಲಿ ಬಾಲ್‌ಪೆನ್ ರಿಫಿಲ್ಲಿನ ಹಿತ್ತಾಳೆ ಕೊಳವೆಯಲ್ಲಿ ತಂತಿ ತೂರಿಸಿ ಕೀಲು ಮಾಡುತ್ತಾರೆ. ಬಾಗಿಲು ಹೂವಿನ ಹಾಗೆ ತೆರೆದು ಮುಚ್ಚಬೇಕು. ಈ ಸಲ ಬೆರಳಿಗೆ ಸಿಗಲೆಂದು ಬಾಗಿಲ ಹಿಡಿಯನ್ನೂ ಅಂಚನ್ನೂ ಪುಟ್ಟಿ ಹಾಕಿ ದಪ್ಪ ಮಾಡಿದ್ದಾರೆ. ದಪ್ಪವಾದ ಬಾಗಿಲು ಭಾರವಾಗಿ, ತೆರೆದ ಕೂಡಲೇ ಕೂದಲೆಳೆಯಷ್ಟು ಜೋತು ಬೀಳುತ್ತದೆ. ಮುಚ್ಚಲು ಹೋದರೆ ಚೌಕಟ್ಟಿಗೆ ತಾಗಿ ನಿಲ್ಲುತ್ತದೆ. ಉಗುರಿನಿಂದ ತುಸು ಮೇಲೆತ್ತಿ ತಳ್ಳಿದರೆ ಮಾತ್ರ ಟಿಕ್ ಎಂದು ಕೂರುತ್ತದೆ.

ಇಷ್ಟು ವರ್ಷದಲ್ಲಿ ಕೀಲಿನ ಮೇಲೆ ಬೀಳುವ ಭಾರ ಲೆಕ್ಕ ಹಾಕದೆ ಬಾಗಿಲು ಮಾಡಿದ್ದು ಇದೇ ಮೊದಲಂತೆ. "ಬಿಚ್ಚಿ ಸರಿ ಮಾಡೋದು ದೊಡ್ಡದಲ್ಲ. ಆದ್ರೆ..." ಎಂದು ಅವರು ತಡವರಿಸುತ್ತಾರೆ. ಆ ಆದರೆಯ ಹಿಂದೆ ಒಂದು ಗ್ಯಾರೇಜೇ ಇದೆ. ಈ ಗುಂಡು ಬೆನ್ನಿನ ಕಾರುಗಳ ಮುಂದಿನ ಬಾಗಿಲು ಹಳೆಯದಾದಂತೆ ಜೋತು ಬೀಳುತ್ತಿತ್ತು. ಅದರಲ್ಲೂ ಟ್ಯಾಕ್ಸಿಗಳದು. ಕೀಲಿನ ಕಡ್ಡಿ ಸವೆದು, ಎತ್ತಿ ಮುಚ್ಚುವ ಹಾಗಾಗುತ್ತಿತ್ತು. ಅಂಥ ಬಾಗಿಲುಗಳ ಕೆಳಗೆ ಮರದ ತುಂಡಿಟ್ಟು, ಜಾಕ್ ಕೊಟ್ಟು ಎತ್ತಿ, ಇವರು ಸರಿ ಮಾಡಿದ್ದಕ್ಕೆ ಲೆಕ್ಕವಿಲ್ಲ. ಅಜ್ಜನ ಕಾರಿನದೂ ಹಾಗೇ ಇತ್ತೇ? ಫೋಟೊದಲ್ಲಿ ಬಾಗಿಲು ಮುಚ್ಚಿದೆ. ಅಜ್ಜ ಹೇಳಿದ್ದರಲ್ಲಿ ಬಾಗಿಲಿನ ಮಾತಿಲ್ಲ. ಮಗಳಿಗೆ ಫೋನು ಮಾಡಿದರೆ, "ನಾನು ಯಾವಾಗ್ಲೂ ಹಿಂದಿನ ಸೀಟು ಅಣ್ಣ. ಮುಂದಿನ ಬಾಗಿಲು ಅಪ್ಪಾನೇ ತೆಗೆದು ಅಪ್ಪಾನೇ ಹಾಕ್ತಿದ್ರು, ನನಗೆ ಗೊತ್ತಿಲ್ಲ. ಅಪ್ಪನ್ನ ಕೇಳಿದ್ರೆ ಮತ್ತೆ ಬರೀ ಹೂಂ," ಎಂದರು.

"ಇದ್ದಿದ್ರೆ ಯಜಮಾನ್ರೇ ಹೇಳ್ತಿದ್ರಲ್ಲ?" ಎನ್ನುತ್ತೇನೆ.

"ದಿನಾ ಮಾಡೋದನ್ನ ಯಾರು ಹೇಳ್ತಾರೆ ಮೇಡಂ? ನಿಮ್ಮನೆ ಚಿಲಕ ಯಾವ ಕಡೆ ಎಳೀತೀರಾ ಅಂದ್ರೆ ಹೇಳ್ತೀರಾ?"

ಹೇಳಲಾಗಲಿಲ್ಲ. ಕೈಯನ್ನು ಗಾಳಿಯಲ್ಲಿ ಆಡಿಸಿ ನೋಡಿಕೊಳ್ಳಬೇಕಾಯಿತು, ಹೆಂಡತಿ ನಕ್ಕರು.

ಸರಿ ಮಾಡಿದರೆ ಒಳ್ಳೆಯ ಬಾಗಿಲು. ಬಿಟ್ಟರೆ, ಅಜ್ಜನ ಬಾಗಿಲು ಚೆನ್ನಾಗಿಯೇ ಇದ್ದಿದ್ದರೆ, ಕೆಟ್ಟ ಕೆಲಸ. ಅದನ್ನು ಕೈಯಲ್ಲಿ ಹಿಡಿದು ಅವರು ಮತ್ತೊಮ್ಮೆ ಯಾರ ಕಾರು ಎನ್ನಬಹುದು. ಇಸ್ತ್ರಿಯಣ್ಣನ ಕೈ ಎರಡು ಸಲ ಇಕ್ಕಳದ ಕಡೆಗೆ ಹೋಗುತ್ತದೆ, ಎರಡು ಸಲವೂ ವಾಪಸು ಬರುತ್ತದೆ. ಕೊನೆಗೆ ಅವರು ಇಕ್ಕಳವನ್ನು ಹೆಂಡತಿಯ ಕೈಗೆ ಕೊಟ್ಟು, "ಇದನ್ನ ಬಚ್ಚಿಡು," ಎನ್ನುತ್ತಾರೆ. ಆಕೆ ಅದನ್ನು ಹೊಲಿಗೆ ಯಂತ್ರದ ಡ್ರಾಯರಿಗೆ ಹಾಕಿ, ಕೀಲಿಯನ್ನು ತಮ್ಮ ಹತ್ತಿರವೇ ಇಟ್ಟುಕೊಳ್ಳುತ್ತಾರೆ.

ಭಾನುವಾರ ಬೆಳಿಗ್ಗೆ ಮೂವರೂ ಹೋಗುತ್ತೇವೆ. ಎರಡನೇ ಮಹಡಿ, ಕಿರಿದಾದ ಕೋಣೆ, ಬೀದಿಗೆ ತೆರೆದ ಕಿಟಕಿ. ಡ್ರೈವರಜ್ಜ ಕಾಲರಿನ ಗುಂಡಿಯನ್ನೂ ಹಾಕಿಕೊಂಡು ನೆಟ್ಟಗೆ ಕೂತಿದ್ದಾರೆ. ಕೆಳಗೆ ಹೋಗುವ ಗಾಡಿಗಳ ಸದ್ದಿಗೆ ಅವರ ತಲೆ ತುಸು ತುಸುವೇ ತಿರುಗುತ್ತದೆ. ಮಗಳು ಗೋಡೆಗೊರಗಿ, ಕೈ ಕಟ್ಟಿ ನಿಂತಿದ್ದಾರೆ. ಆಕೆಯ ಕಣ್ಣು ತಂದೆಯ ಕೈಯನ್ನು ಬಿಟ್ಟು ಬೇರೆಲ್ಲೂ ನೋಡುತ್ತಿಲ್ಲ.

ಇಸ್ತ್ರಿಯಣ್ಣ ಕಾರನ್ನು ಅವರ ತೊಡೆಯ ಮೇಲಿಡುತ್ತಾರೆ.

ಅಜ್ಜ ಮೊದಲು ಎರಡು ಕೈಯಲ್ಲಿ ಎತ್ತಿ ತೂಕ ನೋಡುತ್ತಾರೆ. "ಭಾರ ಇದೆ," ಎನ್ನುತ್ತಾರೆ. ಆಮೇಲೆ ಬೆರಳು ಬೆನ್ನಿನ ಮೇಲಿಂದ ಇಳಿದು, ಬಂಪರಿನ ಬಾಗಿದ ತುದಿಗೆ ತಾಗಿ, ಸರಿದು, ಮುಂದೆ ಬರುತ್ತದೆ. ಎಡ ಮಡ್‌ಗಾರ್ಡಿನ ಮೇಲೆ ನಿಲ್ಲುತ್ತದೆ. ಹೆಬ್ಬೆರಳ ತುದಿ ಆ ನೆಗ್ಗಿನೊಳಗೆ ಒಮ್ಮೆ ಇಳಿದು, ಹೊರಗೆ ಬಂದು, ಮತ್ತೆ ಇಳಿಯುತ್ತದೆ. ಮಗಳು ಒಂದು ಹೆಜ್ಜೆ ಮುಂದಿಟ್ಟವರು ಅಲ್ಲೇ ನಿಲ್ಲುತ್ತಾರೆ.

ಬೆರಳು ಬಾಗಿಲಿಗೆ ಬರುತ್ತದೆ. ಹಿಡಿಯನ್ನು ಹುಡುಕಿ, ಉಗುರು ಸಿಕ್ಕಿಸಿ ತೆರೆಯುತ್ತದೆ. ಬಾಗಿಲು ಜೋತು ಬೀಳುತ್ತದೆ. ಇಸ್ತ್ರಿಯಣ್ಣ ಕಣ್ಣು ಮುಚ್ಚಿಕೊಂಡಿದ್ದಾರೆ. ಅಜ್ಜ ಒಳಗೆ ಬೆರಳು ಹಾಕಿ ಸ್ಟೇರಿಂಗಿನ ದಾರ ಮುಟ್ಟಿ, ಹೊರಗೆ ತೆಗೆದು, ಬಾಗಿಲನ್ನು ಕೆಳಗಿನಿಂದ ಹೆಬ್ಬೆರಳಲ್ಲಿ ಮೇಲೆತ್ತಿ ತಳ್ಳುತ್ತಾರೆ. ಯಾರೂ ಹೇಳಿಕೊಟ್ಟಿಲ್ಲ, ಒಂದು ಸಲವೂ ಚೌಕಟ್ಟಿಗೆ ತಾಗಲಿಲ್ಲ. ಟಿಕ್.

ಇನ್ನೊಮ್ಮೆ ತೆರೆಯುತ್ತಾರೆ. ಎತ್ತಿ ಮುಚ್ಚುತ್ತಾರೆ. ಆಮೇಲೆ ಮುಖ ಎತ್ತಿ, ಇಸ್ತ್ರಿಯಣ್ಣ ನಿಂತಿರಬಹುದಾದ ಕಡೆಗೆ ತಿರುಗಿ ಹೇಳುತ್ತಾರೆ, "ಈ ಬಾಗ್ಲು ಸರಿ ಮಾಡಿಸ್ಬೇಕು, ಮಾಡಿಸ್ಬೇಕು ಅಂತ ಅಂದ್ಕೊಂಡು ಅಂದ್ಕೊಂಡೇ ವರ್ಷ ಕಳೆದೋಯ್ತು. ಮಾಡಿಸ್ಲೇ ಇಲ್ಲ ನೋಡಿ."

"ನನ್ನ ಹತ್ರ ತಂದಿದ್ರೆ ಅರ್ಧ ಗಂಟೆ ಕೆಲ್ಸ ಯಜಮಾನ್ರೆ," ಎನ್ನುತ್ತಾರೆ ಇಸ್ತ್ರಿಯಣ್ಣ. "ಈಗ್ಲೂ ಮಾಡ್ಕೊಡ್ತೀನಿ. ತಗೊಂಡು ಹೋಗ್ಲಾ?"

ಅಜ್ಜ ಕಾರನ್ನು ಹೊಟ್ಟೆಗೆ ಒತ್ತಿಕೊಳ್ಳುತ್ತಾರೆ. "ಬೇಡ. ಮುಟ್ಬೇಡಿ," ಎನ್ನುತ್ತಾರೆ, ಸ್ವಲ್ಪ ಗದರಿದ ಹಾಗೆಯೇ. ಆಮೇಲೆ ಮಗಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ಆಕೆಯ ಬೆರಳು ಹಿಡಿದು ಮಡ್‌ಗಾರ್ಡಿನ ಮೇಲಿಡುತ್ತಾರೆ. ಶಾಲೆಯ ಗೇಟು, ಆ ದಿನ ಆಕೆ ಅತ್ತದ್ದು, ತಾನು ಮುಂದೆ ನೋಡುವ ಬದಲು ಆಕೆಯನ್ನೇ ನೋಡುತ್ತಾ ಗಾಡಿ ತಿರುಗಿಸಿದ್ದು, ಎಲ್ಲ ಶುರುವಾಗುತ್ತದೆ. ತಿಂಗಳುಗಳಿಂದ ಹೂಂ ಎನ್ನುತ್ತಿದ್ದವರ ಮಾತು ನಾವು ಎದ್ದು ಬರುವವರೆಗೂ ನಿಲ್ಲುವುದಿಲ್ಲ. ಮಗಳು ಈ ಸಲ ಒಳಗೆ ಹೋಗಲಿಲ್ಲ, ಅಲ್ಲೇ ಕೂತು ಅತ್ತರು.

ಇಳಿಯುವಾಗ ಮೆಟ್ಟಿಲ ತಿರುವಿನಲ್ಲಿ ಇಸ್ತ್ರಿಯಣ್ಣ ಕೂತುಬಿಡುತ್ತಾರೆ. ಈ ಸಲ ಕೀಲಿಕೈ ಹುಡುಕುವ ನಾಟಕವಿಲ್ಲ. ಹೆಂಡತಿ ಪಂಪು ತೆಗೆದು ಕೊಡುತ್ತಾರೆ, ಇವರು ಹೀರಿ, ಉಸಿರು ಹಿಂದಿರುಗುವವರೆಗೆ ಕಾಯುತ್ತಾರೆ. ನಾವಿಬ್ಬರೂ ಪಕ್ಕದಲ್ಲಿ ಕೂರುತ್ತೇವೆ. ಅವರೇ ಹೇಳಿದರು.

"ನೆಗ್ಗು ತೆಗೆಯೋ ಕೆಲ್ಸ ಎಂಥದು ಗೊತ್ತಾ ಮೇಡಂ? ಚೆನ್ನಾಗಿ ಮಾಡಿದ್ರೆ, ಮಾಡಿದ್ದೇ ಗೊತ್ತಾಗ್ಬಾರ್ದು. ಗಿರಾಕಿ ಬಂದು, ಎಲ್ಲಿ ನೆಗ್ಗಿತ್ತು ಅಂತ ಹುಡುಕಿ, ಸಿಗದೆ ಹೋಗ್ಬೇಕು. ಜೀವಮಾನ ಪೂರ್ತಿ ನನ್ನ ಕೆಲ್ಸ ಯಾರಿಗೂ ಸಿಗ್ಲಿಲ್ಲ. ಸಿಗದ ಹಾಗೇ ಮಾಡಿದ್ದು."

ಗೋಡೆ ಹಿಡಿದು ಎದ್ದು ನಿಲ್ಲುತ್ತಾರೆ.

"ಇವತ್ತು ಒಬ್ರಿಗೆ ಸಿಕ್ತು."